ನಮ್ಮ ಮನೆಯ ಐದು ಓಟು

ನಮ್ಮಲ್ಲಿ ಏನೇನಿದೆ ಎಂದು ಹೊಸಬರು ಯಾರಾದರೂ ಕೇಳಿದರೆ ಅಜ್ಜ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ: ಮೂರು ಎಕರೆ ಗದ್ದೆ, ಒಂದಿಷ್ಟು ಮೆಣಸು, ನಾಲ್ಕು ಹಸು, ಐದು ಓಟು. ಹಸುಗಳಲ್ಲಿ ಯಾವುದು ಒದೆಯುತ್ತದೆ, ಯಾವುದು ಬೇಲಿ ನುಗ್ಗುತ್ತದೆ, ಯಾವುದು ಹಾಲು ಕರೆಯುವಾಗ ಮೊಂಡು ಹಿಡಿಯುತ್ತದೆ ಎಂದು ಅವನಿಗೆ ಬೇರೆ ಬೇರೆಯಾಗಿ ಗೊತ್ತಿತ್ತು. ಓಟುಗಳ ವಿಷಯದಲ್ಲಿ ಅಂಥ ತಾಪತ್ರಯ ಇರಲಿಲ್ಲ. ಅವು ಐದೂ ಅವನು ಹೇಳಿದ ಕಡೆಗೆ ಹೋಗುವಂಥವು. ಒಂದು ಅಜ್ಜನದು, ಒಂದು ಅಪ್ಪನದು, ಉಳಿದ ಮೂರು ಅಜ್ಜಿ, ಅಮ್ಮ ಮತ್ತು ಅತ್ತೆಯವು. ಅತ್ತೆ ಎಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಗುಂಡ್ಲುಪೇಟೆ ಕಡೆಯಿಂದ ಒಂದು ಟ್ರಂಕು ಮತ್ತು ಹೊಲಿಗೆ ಯಂತ್ರದೊಂದಿಗೆ ತವರಿಗೆ ಬಂದವಳು. ಅವಳು ಬಂದಿಳಿದ ದಿನ ಮನೆಯವರೆಲ್ಲ ತಬ್ಬಿಕೊಂಡು ಅಳುತ್ತಿದ್ದಾಗ ಅಜ್ಜ ಕಣ್ಣೊರೆಸಿಕೊಂಡು ‘ಇವಳ ಹೆಸರನ್ನ ಇಲ್ಲಿಯ ಓಟಿನ ಪಟ್ಟಿಗೆ ಸೇರಿಸಬೇಕು’ ಅಂದನಂತೆ. ಅಮ್ಮ ಇದನ್ನು ಎಷ್ಟೋ ವರ್ಷ ಪಿಸುಮಾತಿನಲ್ಲಿ ಹೇಳಿಕೊಂಡು ನಗುತ್ತಿದ್ದಳು.

ಮನೆ ಇದ್ದದ್ದು ಗಡಿಯಾಚೆ, ಮಲಯಾಳ ಸೀಮೆಯ ನೂಲ್ಪುಳದಲ್ಲಿ, ಗದ್ದೆಯ ಅಂಚಿಗೆ. ಎದುರಿಗೆ ಉದ್ದನೆಯ ಜಗಲಿ, ಅದರ ಹಿಂದೆ ಹಗಲಲ್ಲೂ ಕತ್ತಲೆಯ ನಡುಮನೆ, ಅದರಾಚೆ ಹೊಗೆ ತುಂಬಿದ ಅಡುಗೆಮನೆ. ಜಗಲಿ ಗಂಡಸರದು, ಅಡುಗೆಮನೆ ಹೆಂಗಸರದು, ನಡುಮನೆ ದೇವರದ್ದು ಮತ್ತು ಭತ್ತದ ಮೂಟೆಗಳದ್ದು. ಜಗಲಿಯ ಮಾತು ಮಲಯಾಳ, ಅಡುಗೆಮನೆಯದು ಕನ್ನಡ. ಒಳಗೆ ನಾವು ತಿನ್ನುತ್ತಿದ್ದುದು ರಾಗಿಮುದ್ದೆ. ಹೊರಗೆ ಕೂತ ಅತಿಥಿಗಳಿಗೆ ಬೇಯಿಸಿದ ಮರಗೆಣಸು, ಬೆಲ್ಲ ಹಾಕಿದ ಕರಿಕಾಪಿ. ಚುನಾವಣೆ ಬಂದಾಗ ಅಭ್ಯರ್ಥಿಗಳು ಜಗಲಿಯಲ್ಲಿ ಅಜ್ಜನ ಎದುರು ಕೂತು ಓಟು ಕೇಳುವರು. ಅಜ್ಜ ಕಣ್ಣು ಮುಚ್ಚಿ, ಕಾಪಿ ಆರುವಷ್ಟು ಹೊತ್ತು ಯೋಚಿಸಿ, ಐದೂ ನಿಮಗೇ ಅನ್ನುವನು. ನಡುಮನೆಯ ಗೋಡೆಯ ಕಿಂಡಿಯಲ್ಲಿ ಕಿವಿಯಿಟ್ಟು ಅತ್ತೆ ಅದನ್ನು ಕೇಳಿಕೊಂಡು ಹೋಗಿ ಅಮ್ಮನಿಗೆ ಹೇಳುವಳು. ತಮ್ಮ ಓಟು ಯಾರಿಗೆ ಎಂಬುದು ಅವರಿಗೆ ಹೀಗೆ ಗೊತ್ತಾಗುತ್ತಿತ್ತು. ಇನ್ನು ಹಾಡಿಯವರು ಬಂದರೆ ಜಗಲಿ ಹತ್ತುತ್ತಿರಲಿಲ್ಲ, ಅಂಗಳದಲ್ಲೇ ನಿಲ್ಲುತ್ತಿದ್ದರು. ಅವರಿಗೆ ಕಾಪಿ ಕೊಡುವ ಅಲ್ಯೂಮಿನಿಯಂ ಲೋಟ ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿತ್ತು. ಅವರೇ ತೆಗೆದು, ಅವರೇ ತೊಳೆದು, ಅವರೇ ಮತ್ತೆ ಸಿಕ್ಕಿಸಬೇಕು. ಇದನ್ನು ಯಾರೂ ನನಗೆ ಕೂರಿಸಿಕೊಂಡು ಹೇಳಿಕೊಟ್ಟಿರಲಿಲ್ಲ. ಒಲೆಯ ಬಾಯಿಗೆ ಕೈ ಹಾಕಬಾರದು ಎಂದು ಕಲಿತ ಹಾಗೆ ಇದನ್ನೂ ಕಲಿತಿದ್ದೆ.

ಹಾಡಿ ಇದ್ದದ್ದು ನಮ್ಮ ಗದ್ದೆಯಾಚೆ, ಕಾಡಿಗೆ ತಾಗಿಕೊಂಡು. ಜೇನುಕುರುಬರ ಹಾಡಿ. ಸರಕಾರಿ ಕಾಗದಗಳಲ್ಲಿ ಅವರು ಕಾಟ್ಟುನಾಯ್ಕರು. ಅವರ ಮಾತು ನಮ್ಮ ಮಾತಿಗೆ ಎಷ್ಟು ಹತ್ತಿರವೆಂದರೆ, ಶಾಲೆಯಲ್ಲಿ ಮಲಯಾಳದ ಗದ್ದಲದ ನಡುವೆ ನಾನು ಮತ್ತು ಹಾಡಿಯ ಕೆಂಪಿ ಒಂದೇ ಬೆಂಚಿನಲ್ಲಿ ಕೂತು ಗುಟ್ಟು ಮಾತಾಡುವುದನ್ನು ಕೇಳಿ ಟೀಚರು ನಮ್ಮಿಬ್ಬರನ್ನೂ ಒಂದೇ ಜಾತಿಯವರೆಂದು ತಿಳಿದಿದ್ದರು. ಇದನ್ನು ಮನೆಯಲ್ಲಿ ಬಲು ಉತ್ಸಾಹದಿಂದ ಹೇಳಿ ಒಂದು ಏಟು ತಿಂದಿದ್ದೆ. ಕೆಂಪಿಯ ಅಪ್ಪ ಬೊಮ್ಮ ನಮ್ಮಲ್ಲಿ ಮೆಣಸು ಕೊಯ್ಯಲು ಬರುತ್ತಿದ್ದ. ಏಳನೆಯ ತರಗತಿಯವರೆಗೆ ಓದಿದ್ದವನು. ಏಣಿಯ ತುದಿಯಲ್ಲಿ ನಿಂತು, ಮೆಣಸಿನ ಚೀಲಕ್ಕೆ ಕಟ್ಟಿದ ಹಳೆಯ ಪೇಪರನ್ನು ಗಟ್ಟಿಯಾಗಿ ಓದಿ ಕೆಳಗಿದ್ದವರಿಗೆ ಲೋಕದ ಸುದ್ದಿ ತಿಳಿಸುತ್ತಿದ್ದ. ಸುದ್ದಿ ಆರು ತಿಂಗಳು ಹಳೆಯದಾಗಿರುತ್ತಿತ್ತು, ಕೇಳುವವರಿಗೆ ಅದರಿಂದ ಏನೂ ತೊಂದರೆಯಿರಲಿಲ್ಲ.

ಹಾಡಿಯವರು ಬಸ್ಸಿಗೆ, ಶಾಲೆಗೆ, ರೇಷನ್ ಅಂಗಡಿಗೆ ಹೋಗುತ್ತಿದ್ದುದು ನಮ್ಮ ಗದ್ದೆಯ ಬದುವಿನ ಮೇಲೆ. ಅದಕ್ಕೆ ಯಾರೂ ಏನೂ ಅಂದಿರಲಿಲ್ಲ. ಒಂದು ಸಲ ಅಜ್ಜ ಬತ್ತೇರಿ ಪೇಟೆಗೆ ಹೋದಾಗ ಅಲ್ಲಿ ಒಬ್ಬ ಪತ್ರ ಬರೆಯುವವನು ಅವನ ಕಿವಿಯಲ್ಲಿ ಒಂದು ಹುಳ ಬಿಟ್ಟ. ಜನ ತುಂಬ ವರ್ಷ ನಡೆದರೆ ದಾರಿ ನಡೆದವರದ್ದೇ ಆಗಿಹೋಗುತ್ತದೆ ಎಂದು. ಅಜ್ಜ ಸಂಜೆಯ ಬಸ್ಸಿಗೆ ಬಂದವನು ಊಟ ಸೇರದೆ ಕೂತ. ಬೆಳಿಗ್ಗೆ ಎದ್ದವನೇ ಬದುವಿನ ತಲೆಗೆ ಬಿದಿರಿನ ಗೇಟು ಕಟ್ಟಿಸಿ, ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಹಾಡಿಯವರು ಕಾಡಿನ ಅಂಚಿನಲ್ಲಿ, ಆನೆ ತಿರುಗಾಡುವ ಜಾಗದಲ್ಲಿ ಸುತ್ತು ಹಾಕಿಕೊಂಡು ಬರಬೇಕಾಯಿತು. ದೊಡ್ಡವರು ಬಂದರು. ಮಕ್ಕಳನ್ನು ಕಳಿಸಲಿಲ್ಲ. ಬೆಂಚಿನಲ್ಲಿ ನನ್ನ ಪಕ್ಕದ ಜಾಗ ಖಾಲಿಯಾಯಿತು. ಮೊದಮೊದಲು ಚೀಲ ಇಡಲು ಜಾಗ ಸಿಕ್ಕಿತೆಂದು ನನಗೆ ಖುಷಿಯೇ ಆಗಿತ್ತು. ಒಂದು ವಾರ ಕಳೆದ ಮೇಲೆ ಆ ಚೀಲವನ್ನು ತೆಗೆದು ಮತ್ತೆ ಕಾಲ ಬಳಿ ಇಟ್ಟುಕೊಂಡೆ. ಮನೆಗೆ ಬಂದು ಅಮ್ಮನ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. ಅಮ್ಮ ಅಂದು ಮುದ್ದೆ ಬಡಿಸುತ್ತ, ತಲೆಯೆತ್ತದೆ, ಅಜ್ಜನ ಹತ್ತಿರ ಮಾತು ತೆಗೆದಳು.

“ಆ ಮಕ್ಳು ಆನೆ ದಾರೀಲಿ ಸುತ್ತಾಕ್ಕಂಡು ಬರ್ಬೇಕಲ್ಲ ಮಾವ.”

“ಆನೆ ದಾರಿ ಸರ್ಕಾರದ್ದು. ಈ ದಾರಿ ನಂದು.”

ಮರುದಿನ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು, ಅದರ ಮರುದಿನ ಉಪ್ಪೇ ಇರಲಿಲ್ಲ. ಅಮ್ಮನ ಜಗಳಗಳೆಲ್ಲ ಹೀಗೆ ಸಾರಿನಲ್ಲೇ ನಡೆಯುತ್ತಿದ್ದವು. ಅಜ್ಜ ಎರಡು ದಿನವೂ ಒಂದೇ ಮುಖ ಮಾಡಿಕೊಂಡು ಉಂಡು ಎದ್ದ. ಅವನ ಜಗಳವೂ ಹಾಗೆಯೇ.

ಆ ವರ್ಷದ ಕೊನೆಗೆ ಪಂಚಾಯತ್ತು ಚುನಾವಣೆ ಬಂತು. ನಮ್ಮ ವಾರ್ಡಿಗೆ ಗೋಪಿ ಮಾಷ್ ನಿಂತರು. ನಿವೃತ್ತ ಮೇಷ್ಟ್ರು, ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳಿ, ಉತ್ತರ ಸರಿಯಿದೆ ಎಂದು ತಾವೇ ತಲೆಯಾಡಿಸುವ ಅಭ್ಯಾಸದವರು. ಅವರ ಗುರುತು ಟೇಬಲ್ ಫ್ಯಾನು. ವಾರ್ಡಿನ ಅರ್ಧಕ್ಕರ್ಧ ಮನೆಗಳಿಗೆ ಇನ್ನೂ ಕರೆಂಟೇ ಬಂದಿರಲಿಲ್ಲ. ಎದುರು ಪಕ್ಷದವರಿಗೆ ನಿಲ್ಲಿಸಲು ಜನ ಸಿಗದೆ ಅವರು ಸುಮ್ಮನಾದರು. ಮಾಷ್ ಎದುರಾಳಿಯಿಲ್ಲದೆ ಗೆಲ್ಲುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದಾಗ, ಕೊನೆಯ ದಿನ ಬೊಮ್ಮ ಹೋಗಿ ಕಾಗದ ಕೊಟ್ಟು ಬಂದ. ಅವನ ಗುರುತು ಕೊಡೆ. ಅಜ್ಜನಿಗೆ ಸಿಟ್ಟು ಬರಲಿಲ್ಲ, ನಗು ಬಂತು. ಮರ ಹತ್ತುವವನು ಪಂಚಾಯತ್ತು ಹತ್ತಲು ಹೊರಟಿದ್ದಾನೆ ಎಂದು ಬಂದವರಿಗೆಲ್ಲ ಹೇಳಿ ನಕ್ಕ. ಮಾಷ್‌ಗೆ ಎಂದಿನಂತೆ ಐದೂ ಓಟು ಕೊಟ್ಟ.

ಎರಡು ದಿನದ ಮೇಲೆ, ಉರಿಬಿಸಿಲಲ್ಲಿ, ಬೊಮ್ಮ ಕರಿಕೊಡೆ ಬಿಚ್ಚಿ ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದ. ಇನ್ನೊಂದು ಕೈಯಲ್ಲಿ ಮತದಾರರ ಪಟ್ಟಿ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಅಜ್ಜ ಆರಾಮ ಕುರ್ಚಿಯಿಂದ ಏಳದೆ, ಕಕ್ಕುಲಾತಿಯಿಂದಲೇ ಹೇಳಿದ.

“ಐದೂ ಮಾಷ್‌ಗೆ ಮಾತು ಕೊಟ್ಟಾಯ್ತು ಕಣೊ ಬೊಮ್ಮ. ಸುಮ್ನ ಬಿಸ್ಲಲ್ಲಿ ಯಾಕ ನಡ್ದೆ?”

“ಅದು ನಿಮ್ಮ ಓಟು ಬುದ್ದಿ. ಇನ್ನ ನಾಕು ಜನ್ರ ನಾನು ಕೇಳ್ಬೇಕು. ಪಟ್ಟೀಲಿ ಅವ್ರ ಹೆಸ್ರು ಬೇರೆಬೇರೆಯಾಗೇ ಅದೆ.”

ಅಷ್ಟು ಹೇಳಿ, ಶಾಲೆಯಲ್ಲಿ ಹಾಜರಿ ಕೂಗುವ ಧಾಟಿಯಲ್ಲಿ ಪಟ್ಟಿ ಓದಿದ. ಮೊದಲ ಹೆಸರು ಪುಟ್ಟತಾಯಮ್ಮ. ಜಗಲಿಯ ಕಂಬಕ್ಕೆ ಒರಗಿದ್ದ ನಾನು ಯಾರು ಆ ಪುಟ್ಟತಾಯಮ್ಮ ಎಂದು ಅಪ್ಪನನ್ನು ಕೇಳಿದೆ. ಅಪ್ಪ ಕೆಮ್ಮಿದ. ಅಜ್ಜಿಗೆ ಅಜ್ಜಿ ಎಂಬುದಲ್ಲದೆ ಬೇರೆ ಹೆಸರೊಂದು ಇರಬಹುದೆಂದು ಹತ್ತು ವರ್ಷದ ನನಗೆ ಹೊಳೆದಿರಲಿಲ್ಲ. ಅಪ್ಪನಿಗೆ ಅವಳು ಅವ್ವ, ಅಮ್ಮನಿಗೆ ಅತ್ತೆಮ್ಮ, ಅಜ್ಜನಿಗೆ ‘ಲೇ’. ನಡುಮನೆಯ ಕತ್ತಲಿನಿಂದ ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ಬಂದು ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಇನ್ನೂ ಮುದ್ದೆ ತೊಳಸುವ ಹಿಟ್ಟಿನ ಕೋಲಿತ್ತು. ನಾನೇ ಅಂದಳು, ಯಾರೋ ಕಳೆದುಹೋದ ಚೀಲ ತೋರಿಸಿ ಯಾರದು ಎಂದು ಕೇಳಿದಾಗ ಹೇಳುವ ಹಾಗೆ.

“ಪುಟ್ಟತಾಯಮ್ಮನೋರೆ, ದಾರಿಗೋಸ್ಕರ ನಿಂತಿವ್ನಿ. ಕೊಡೆ ಗುರ್ತು. ನಿಮ್ಮ ಓಟು ನಂಗೆ ಕೊಡ್ಬೇಕು.”

ಅಜ್ಜಿ ಕೋಲನ್ನು ಬಲಗೈಯಿಂದ ಎಡಗೈಗೆ ಬದಲಿಸಿದಳು. ಬೊಮ್ಮ ಜಯಮ್ಮ ಎಂದು ಕೂಗಿದ. ಅಮ್ಮ ಬಂದು ಅಜ್ಜಿಯ ಬೆನ್ನ ಹಿಂದೆ ನಿಂತಳು. ನಾಗರತ್ನ ಎಂದು ಕೂಗಿದಾಗ, ನಾಲ್ಕನೆಯ ತರಗತಿಯವರೆಗೆ ಓದಿದ್ದ ಅತ್ತೆ ಕಿಂಡಿಯ ಹಿಂದಿನಿಂದ ಹಳೆಯ ಅಭ್ಯಾಸಬಲದಿಂದ ‘ಪ್ರೆಸೆಂಟ್’ ಅಂದುಬಿಟ್ಟಳು. ಅಪ್ಪನನ್ನೂ ಹೆಸರು ಹಿಡಿದೇ ಕೇಳಿದ, ಅಪ್ಪ ಮತ್ತೆ ಕೆಮ್ಮಿದ. ಆಮೇಲೆ ಬೊಮ್ಮ ಕೊಡೆ ಮಡಿಚಿ, ಸೂರಿನ ಲೋಟ ತೆಗೆದು ಕಾಪಿ ಕುಡಿದು, ತೊಳೆದು ಅಲ್ಲೇ ಸಿಕ್ಕಿಸಿ, ಬಂದ ಸುತ್ತುದಾರಿಯಲ್ಲೇ ಹೋದ. ಅಜ್ಜನಿಗೆ ನಗು ನಿಂತದ್ದು ಆಗ. ನಮ್ಮ ಮನೆ ಹೆಂಗಸರ ಹೆಸರನ್ನು ಅಂಗಳದಲ್ಲಿ ನಿಂತು ಕೂಗಿದನಲ್ಲ ಎಂದು ಸಂಜೆಯವರೆಗೂ ಗೊಣಗಿದ. ಅಡುಗೆಮನೆಯಲ್ಲಿ ಮಾತ್ರ ಅಂದು ವಿಚಿತ್ರವಾದ ಗೆಲುವಿತ್ತು. ಅತ್ತೆ ಅಜ್ಜಿಯನ್ನು ‘ಪುಟ್ಟತಾಯಮ್ಮನೋರೆ, ಒಸಿ ಉಪ್ಪಿನ ಮರಿಗೆ ಕೊಡಿ’ ಎಂದು ಕೇಳುವಳು. ಅಜ್ಜಿ ಬೈಯುವಳು, ಕೊಡುವಳು.

ಪ್ರತಿ ಚುನಾವಣೆಗೂ ಮುಂಚೆ ನಮ್ಮ ನಡುಮನೆಯಲ್ಲಿ ಒಂದು ತಾಲೀಮು ನಡೆಯುತ್ತಿತ್ತು. ಆಗ ಇದ್ದದ್ದು ಕಾಗದದ ಮತಪತ್ರ, ಗುರುತಿನ ಮೇಲೆ ಮುದ್ರೆ ಒತ್ತಿ, ಮಡಿಚಿ ಪೆಟ್ಟಿಗೆಗೆ ಹಾಕಬೇಕು. ಹೆಂಗಸರು ತಪ್ಪು ಒತ್ತಿ ಓಟು ಕೆಡಿಸುತ್ತಾರೆ ಎಂಬುದು ಅಜ್ಜನ ದೊಡ್ಡ ಭಯ. ಹಾಗಾಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮತಪತ್ರ ಬರೆಸಿ, ಬೆಂಡೆಕಾಯಿಯ ತೊಟ್ಟು ಕೊಯ್ದು ಕುಂಕುಮದ ನೀರಿನಲ್ಲಿ ಅದ್ದಿ, ಅದರಿಂದ ಮುದ್ರೆ ಒತ್ತಿಸಿ ಅಭ್ಯಾಸ ಮಾಡಿಸುವನು. ಆ ಸಲ ಚಿತ್ರ ಬರೆಯುವ ಕೆಲಸ ನನಗೆ ಬಂತು. ಕೊಡೆ ನನಗೆ ಗೊತ್ತಿದ್ದ ವಸ್ತು, ಕಡ್ಡಿಗಳನ್ನೆಲ್ಲ ಎಣಿಸಿ ಅಂದವಾಗಿ ಬರೆದೆ. ಟೇಬಲ್ ಫ್ಯಾನನ್ನು ಒಮ್ಮೆ ಬತ್ತೇರಿಯ ಬ್ಯಾಂಕಿನಲ್ಲಿ ದೂರದಿಂದ ನೋಡಿದ್ದೆ, ಅದೂ ತಿರುಗುತ್ತಿದ್ದಾಗ. ಏನೋ ದುಂಡಗಿನದು, ಮುಂದೆ ಜಾಲರಿ, ಕೆಳಗೆ ತೊಟ್ಟು ಎಂದು ನೆನಪಿತ್ತು. ಬರೆದೆ. ಅಜ್ಜ ಹೆಂಗಸರನ್ನು ಸಾಲಾಗಿ ಕೂರಿಸಿ ಮೊದಲು ಅಜ್ಜಿಯ ಕೈಗೆ ಬೆಂಡೆಕಾಯಿ ಕೊಟ್ಟ.

“ಈ ಹಲಸಿನ ಹಣ್ಣಿಗಾ ಒತ್ತೋದು?”

“ಹಲಸಲ್ಲ ಕಣೆ, ಫ್ಯಾನು. ಗಾಳಿ ಬೀಸೋದು.”

ಅಜ್ಜಿ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದಳು, ದೂರ ಹಿಡಿದಳು, ಹಲಸಿನ ಹಣ್ಣು ಹೇಗೆ ಗಾಳಿ ಬೀಸುತ್ತದೆ ಎಂದು ಕೇಳಿದಳು. ಮುದ್ರೆಯನ್ನು ಒಮ್ಮೆ ಗೆರೆಯ ಮೇಲೆ ಒತ್ತಿದಳು, ಒಮ್ಮೆ ನೆಲದ ಮೇಲೆ, ಒಮ್ಮೆ ಪಕ್ಕದಲ್ಲಿದ್ದ ಅಮ್ಮನ ಮಂಡಿಯ ಮೇಲೆ. ಹನ್ನೊಂದನೆಯ ಸಲ ಸರಿಯಾಗಿ ಬಿತ್ತು. ಅಜ್ಜನ ಬೆನ್ನು ಬೆವರಿನಿಂದ ಒದ್ದೆಯಾಗಿತ್ತು. ಅಮ್ಮ ಮತ್ತು ಅತ್ತೆ ಮೊದಲ ಸಲಕ್ಕೇ ಫ್ಯಾನಿನ ನಟ್ಟನಡುವೆ ಒತ್ತಿ ತಲೆ ತಗ್ಗಿಸಿ ಕೂತರು. ಅಂದು ರಾತ್ರಿಯ ಹುಳಿಗೆ ಬಿದ್ದದ್ದು ಆ ಮುದ್ರೆಗಳೇ. ಕುಂಕುಮದ ಬಣ್ಣ ತೊಳೆದರೂ ಪೂರ್ತಿ ಹೋಗಿರಲಿಲ್ಲ.

ಓಟಿನ ದಿನ ಹೊಸ ಬಟ್ಟೆಯುಟ್ಟು, ಅಜ್ಜನ ಹಿಂದೆ ಸಾಲಾಗಿ ನಾವು ಶಾಲೆಗೆ ನಡೆದೆವು. ನನ್ನ ತರಗತಿಯೇ ಬೂತು. ಕಪ್ಪುಹಲಗೆಯ ಪಕ್ಕದ ಮೂಲೆಯಲ್ಲಿ ಮೇಜಿನ ಮೇಲೆ ರಟ್ಟು ನಿಲ್ಲಿಸಿ, ಅದರ ಮುಂದೆ ಯಾರದೋ ಹಳೆಯ ನೀಲಿ ಸೀರೆಯನ್ನು ಪರದೆಯಾಗಿ ಕಟ್ಟಿದ್ದರು. ಹೊರಗೆ ಗಂಡಸರು ಹೆಂಗಸರು ಕೂಡಿ ಒಂದೇ ಉದ್ದನೆಯ ಸಾಲು. ಸುತ್ತುದಾರಿಯಲ್ಲಿ ಬೆಳಗ್ಗೆಯೇ ಹೊರಟುಬಂದ ಹಾಡಿಯವರು ನಮಗಿಂತ ಮುಂದೆಯೂ ಇದ್ದರು, ಹಿಂದೆಯೂ ಇದ್ದರು. ಅಜ್ಜನ ಮುಂದೆ ನಿಂತದ್ದು ಹಾಡಿಯ ಒಬ್ಬ ಮುದುಕಿ. ಅಜ್ಜ ಎಂದಿನ ಅಭ್ಯಾಸದಂತೆ ನಾಲ್ಕು ಮಾರು ಬಿಟ್ಟು ನಿಂತ. ಆ ಸಂದಿಗೆ ಬೇರೆ ಜನ ಬಂದು ನುಸುಳತೊಡಗಿದರು. ಪೊಲೀಸಿನವನು ಬಂದು, ಮುಂದೆ ಸರಿದು ಒತ್ತಾಗಿ ನಿಲ್ಲಲು ಅಜ್ಜನ ಹೆಗಲು ಹಿಡಿದು ತಳ್ಳಿದ. ಅಜ್ಜ ಒಂದು ಹೆಜ್ಜೆ ಇಡುವನು, ಎರಡು ಹೆಜ್ಜೆಯಷ್ಟು ಹಿಂದಕ್ಕೆ ವಾಲುವನು. ಕೊನೆಗೆ ಮುದುಕಿಯೇ ತಿರುಗಿ, ಬನ್ನಿ ಬುದ್ದಿ, ನಾನು ಕಚ್ಚಲ್ಲ ಅಂದಳು. ಅವಳಿಗೆ ಹಲ್ಲೇ ಇರಲಿಲ್ಲ. ಸಾಲಿಗೆ ಸಾಲೇ ನಕ್ಕಿತು, ನಮ್ಮ ಅತ್ತೆಯೂ ಸೇರಿ.

ನಾನು ಕಿಟಕಿಗೆ ಜೋತುಬಿದ್ದು ನೋಡಿದೆ. ಒಬ್ಬೊಬ್ಬರ ಹೆಸರನ್ನೂ ಅಧಿಕಾರಿ ಗಟ್ಟಿಯಾಗಿ ಕೂಗಿದ. ಅಮ್ಮ ನೀಲಿ ಸೀರೆಯ ಹಿಂದೆ ಹೋದವಳು ಮೂರು ಉಸಿರಿನಷ್ಟರಲ್ಲಿ ಹೊರಬಂದಳು. ಅತ್ತೆ ಇನ್ನೂ ಬೇಗ. ಹೊರಗೆ ಬಂದ ಅಮ್ಮನ ಮುಖ ನನಗೆ ಈಗಲೂ ನೆನಪಿದೆ. ಒಬ್ಬಳೇ ಎಲ್ಲಿಗೋ ಹೋಗಿಬಂದವಳ ಮುಖ. ಮನೆಯಲ್ಲಿ ಅವಳು ಒಬ್ಬಳೇ ಇರುವ ಜಾಗ ಯಾವುದೂ ಇರಲಿಲ್ಲ ಎಂದು ನನಗೆ ಅರ್ಥವಾದದ್ದು ಎಷ್ಟೋ ವರ್ಷಗಳ ಮೇಲೆ, ನನಗೇ ಮದುವೆಯಾಗಿ ಒಂದು ಅಡುಗೆಮನೆ ಸಿಕ್ಕ ಮೇಲೆ. ಅಜ್ಜಿ ಮಾತ್ರ ಒಳಗೆ ಹೋದವಳು ಬರಲೇ ಇಲ್ಲ. ಅಧಿಕಾರಿ ಎರಡು ಸಲ ‘ಅಮ್ಮೇ, ಕಳಿಞ್ಞೋ?’, ಆಯಿತೇ ಎಂದು ಕೇಳಿದ. ಪರದೆಯ ಹಿಂದಿನಿಂದ ‘ಒಸಿ ತಡಿಯಪ್ಪ’ ಎಂದು ಉತ್ತರ ಬಂತು. ಬಾಗಿಲಲ್ಲಿ ನಿಂತ ಅಜ್ಜ ಬೆರಳಿನಿಂದ ಗಾಳಿಯಲ್ಲಿ ದುಂಡಗೆ ಫ್ಯಾನಿನ ಚಿತ್ರ ಬರೆಯುತ್ತಿದ್ದ, ಅವಳಿಗೆ ಕಾಣುವುದೇನೋ ಎಂಬಂತೆ.

ಬೊಮ್ಮ ಮೂರು ಓಟಿನಿಂದ ಗೆದ್ದ. ಸುದ್ದಿ ತಂದವನು ಬಸ್ಸಿನ ಕಂಡಕ್ಟರು. ಅಜ್ಜ ಮೊದಲು ನಂಬಲಿಲ್ಲ, ಆಮೇಲೆ ಲೆಕ್ಕ ಹಾಕಲು ಕೂತ. ವಾರ್ಡಿನ ಪ್ರತಿ ಮನೆಯ ಓಟೂ ಅವನಿಗೆ ಗೊತ್ತಿತ್ತು. ಹಾಡಿಯ ಓಟನ್ನೆಲ್ಲ ಬೊಮ್ಮನಿಗೇ ಬಿಟ್ಟರೂ ಅವನು ಗೆಲ್ಲಲು ಸಾಧ್ಯವಿರಲಿಲ್ಲ. ಎರಡು ಓಟು ಆ ಕಡೆಯಿಂದ ಈ ಕಡೆಗೆ ಬಂದಿದ್ದರೆ ಮಾಷ್ ಗೆಲ್ಲುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ವಾರ್ಡಿನ ಯಜಮಾನರೆಲ್ಲ ನಮ್ಮ ಜಗಲಿಯಲ್ಲಿ ಸೇರಿದರು. ಪ್ರತಿಯೊಬ್ಬರೂ ತಮ್ಮ ಮನೆಯ ಓಟು ಗಟ್ಟಿಯೆಂದು ಪ್ರಮಾಣ ಮಾಡಿದರು, ಮಾಡುತ್ತ ಪಕ್ಕದವನನ್ನು ನೋಡಿದರು. ಗೋಪಿ ಮಾಷ್ ಕಂಬಕ್ಕೆ ಒರಗಿ, ನಾನು ಯಾಕೆ ಸೋತೆ ಎಂದು ಪ್ರಶ್ನೆ ಕೇಳಿದರು. ಮೊದಲ ಸಲ ಅವರಿಗೆ ಉತ್ತರ ಗೊತ್ತಿರಲಿಲ್ಲ. ಕೊನೆಗೆ, ಅವರವರ ಮನೆಯಲ್ಲಿ ಅವರವರು ವಿಚಾರಣೆ ಮಾಡಿಕೊಳ್ಳುವುದೆಂದು ತೀರ್ಮಾನವಾಗಿ ಎಲ್ಲರೂ ಎದ್ದು ಹೋದರು.

ನಮ್ಮ ಮನೆಯ ವಿಚಾರಣೆ ದೀಪ ಹಚ್ಚಿದ ಮೇಲೆ ನಡುಮನೆಯಲ್ಲಿ ನಡೆಯಿತು. ದೀಪ ಮುಟ್ಟಿ, ಫ್ಯಾನಿಗೇ ಒತ್ತಿದ್ದೇನೆ ಎಂದು ಒಬ್ಬೊಬ್ಬರಾಗಿ ಹೇಳಬೇಕು. ಅಜ್ಜ ಹಾಗೆಂದಾಗ ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಿದ್ದನ್ನು ನಾನು ಕಂಡೆ. ಅವಳು ಆ ಮನೆಯಲ್ಲಿ ಒಂದು ಟ್ರಂಕಿನ ಮೇಲೆ ಬದುಕಿದ್ದವಳು, ಹೋಗು ಎಂದರೆ ಹೋಗಲು ಬೇರೆ ಊರಿರಲಿಲ್ಲ. ಅಮ್ಮ ಗೋಡೆ ನೋಡುತ್ತಿದ್ದಳು. ಅಪ್ಪ ಹಸುವಿಗೆ ಹುಲ್ಲು ಹಾಕಬೇಕೆಂದು ಎದ್ದ, ಅಜ್ಜ ಕೂರಿಸಿದ. ಅಷ್ಟರಲ್ಲಿ ಅಜ್ಜಿ ದೀಪದ ಮುಂದೆ ಬಂದು ಕಾಲು ಚಾಚಿ ಕೂತು, ಯಾರೂ ಮುಟ್ಟಬೇಡಿ ಅಂದಳು.

“ನಂದೇ ತಪ್ಪಾಗದೆ. ಕೂಸು ಬರ್ದಿದ್ದು ಹಲಸಿನ ಹಣ್ಣು. ಅಲ್ಲಿ ಹೋಗಿ ನೋಡುದ್ರ ಹಲಸೇ ಇರ್ನಿಲ್ಲ. ಗುರ್ತಾಗಿದ್ದು ಕೊಡೆ ಒಂದೇ. ಒತ್ತ್‌ಬುಟ್ಟೆ.”

ಅಜ್ಜ ನನ್ನ ಕಡೆ ನೋಡಿದ. ನಾನು ಅಮ್ಮನ ಹಿಂದೆ ಸರಿದೆ. ಅವನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಒಂದು ಓಟು ಹೀಗೆ ಹೋಯಿತು ಸರಿ, ಇನ್ನೊಂದು ಎಲ್ಲಿ? ಅದನ್ನು ಕೇಳಿದಾಗ ಅಜ್ಜಿ ದೀಪದ ಬತ್ತಿಯನ್ನು ಮೇಲೆತ್ತಿದಳು.

“ಎರಡು ಸಲ ಒತ್ತಿದ್ದೆ. ಗಟ್ಟಿಯಾಗ್ಲಿ ಅಂತ.”

ಎರಡು ಸಲ ಒತ್ತಿದರೆ ಎರಡು ಓಟಾಗುವುದಿಲ್ಲ ಎಂದು ಅಜ್ಜ ಬೆರಳು ಮಡಿಚಿ ಬಿಡಿಸಿ ವಿವರಿಸಿದ. ಅಜ್ಜಿ ಹಾಗಾದರೆ ಅದು ಅಧಿಕಾರಿಗಳ ತಪ್ಪು ಅಂದಳು. ಅಜ್ಜ ಮತ್ತೆ ವಿವರಿಸಿದ. ಅಜ್ಜಿ ಮತ್ತೆ ಕೇಳಿದಳು. ದೀಪದ ಎಣ್ಣೆ ಮುಗಿದು ಬತ್ತಿ ಚಟಪಟ ಅಂದಿತು. ಮಿಕ್ಕವರು ಯಾರೂ ಪ್ರಮಾಣ ಮಾಡಬೇಕಾಗಿ ಬರಲಿಲ್ಲ. ಮೋಸಗಾರರ ಕೈಯ ಅನ್ನ ತಿನ್ನುವುದಿಲ್ಲ ಎಂದು ಘೋಷಿಸಿ ಅಜ್ಜ ಮರುದಿನ ತಾನೇ ಮುದ್ದೆ ಮಾಡಿಕೊಂಡ. ಅದು ಒಳಗೆ ಹಸಿ, ಹೊರಗೆ ಕಲ್ಲು. ಒಂದೂವರೆ ದಿನ ಅದನ್ನೇ ತಿಂದು, ಎರಡನೆಯ ಸಂಜೆ ತಟ್ಟೆ ಹಿಡಿದು ಸುಮ್ಮನೆ ಬಂದು ಕೂತ. ಅಮ್ಮ ಸುಮ್ಮನೆ ಬಡಿಸಿದಳು. ಉಪ್ಪು ಹದವಾಗಿತ್ತು. ವಾರ್ಡು ಕೈತಪ್ಪಿದ್ದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಸರಿಯಾಗಿ ಕಲಿಸದ್ದರಿಂದ ಎಂದು ಅಜ್ಜ ಆಮೇಲೆ ಬಹಳ ವರ್ಷ ಹೇಳುತ್ತಿದ್ದ, ಮುಖ್ಯವಾಗಿ ಗೋಪಿ ಮಾಷ್ ಎದುರಿಗೆ.

ಗೆದ್ದ ಮಾತ್ರಕ್ಕೆ ಗೇಟು ತೆರೆಯಲಿಲ್ಲ. ದಾರಿ ಮಾಡಲು ಜಾಗದ ಒಡೆಯರ ಒಪ್ಪಿಗೆಪತ್ರ ಬೇಕು, ಅದಿಲ್ಲದೆ ಪಂಚಾಯತ್ತು ಒಂದು ಬುಟ್ಟಿ ಮಣ್ಣೂ ಹಾಕುವಂತಿಲ್ಲ. ಅಜ್ಜನಿಗೆ ಇದು ತಿಳಿದಾಗ ಹೋದ ಜೀವ ಬಂದಂತಾಯಿತು. ಎರಡು ತಿಂಗಳ ಮೇಲೆ ಮೆಂಬರ್ ಬೊಮ್ಮ, ಪಂಚಾಯತ್ತಿನ ಓವರ್ಸಿಯರನ್ನು ಕರೆದುಕೊಂಡು ಬಂದ. ಓವರ್ಸಿಯರ್ ಬೇರೆ ಊರಿನ ಹುಡುಗ, ನಮ್ಮ ಮನೆಯ ಕಟ್ಟುಪಾಡು ಅವನಿಗೇನು ಗೊತ್ತು? ಚಪ್ಪಲಿ ಬಿಟ್ಟು ಜಗಲಿ ಹತ್ತಿ ಬೆಂಚಿನ ಮೇಲೆ ಕೂತು, ಅಂಗಳದಲ್ಲೇ ನಿಂತಿದ್ದ ಬೊಮ್ಮನನ್ನು ‘ಮೆಂಬರೇ, ಬನ್ನಿ’ ಎಂದು ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡ. ಬೊಮ್ಮ ಬೆಂಚಿನ ತುದಿಯಲ್ಲಿ, ಬೆಂಚು ಬಿಸಿಯಾಗಿದೆಯೇನೋ ಎಂಬಂತೆ ಕೂತ. ಅಜ್ಜ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಟ್ಟೆಯಲ್ಲಿ ಮೂರು ಸ್ಟೀಲ್ ಲೋಟ ತಂದಿಟ್ಟಳು. ಮೂರೂ ಒಂದೇ ಥರದವು. ಅಜ್ಜ ಲೋಟ ನೋಡಿದ, ಸೂರು ನೋಡಿದ, ಅತ್ತೆಯನ್ನು ನೋಡಿದ. ಅತ್ತೆ ಒಳಗೆ ಹೋಗದೆ ಅಲ್ಲೇ ನಿಂತಳು.

ಕಾಪಿ ಮುಗಿದ ಮೇಲೆ ಅಜ್ಜ ಗಂಟಲು ಸರಿಮಾಡಿಕೊಂಡು, ಗದ್ದೆ ತನ್ನದು, ತನಗೆ ಒಪ್ಪಿಗೆಯಿಲ್ಲ, ಇಷ್ಟೇ ವಿಷಯ ಅಂದ. ಓವರ್ಸಿಯರ್ ತಂದಿದ್ದ ಕಾಗದ ಬಿಚ್ಚಿ, ಹುಬ್ಬು ಗಂಟಿಕ್ಕಿ, ಆದರೆ ಗದ್ದೆಯ ಒಡೆಯರ ಹೆಸರು ಪುಟ್ಟತಾಯಮ್ಮ ಎಂದಿದೆಯಲ್ಲ, ಅವರು ಯಾರು ಎಂದು ಕೇಳಿದ. ಅಜ್ಜ ಅದನ್ನು ಮರೆತೇಬಿಟ್ಟಿದ್ದ. ಹಿಂದೆ ಭೂಮಿ ಕಾನೂನು ಬಂದಾಗ, ಇದ್ದವರ ಜಮೀನನ್ನೆಲ್ಲ ಸರಕಾರ ಕಿತ್ತುಕೊಳ್ಳುತ್ತದೆ ಎಂದು ಯಾರೋ ಹೆದರಿಸಿದ್ದರಂತೆ. ಮೂರು ಎಕರೆಯವನಿಗೆ ಆ ಕಾನೂನಿನಿಂದ ಕೂದಲೂ ಕೊಂಕುತ್ತಿರಲಿಲ್ಲ. ಆದರೂ ಅಜ್ಜ ರಾತ್ರೋರಾತ್ರಿ ಹೆದರಿ, ಗದ್ದೆಯನ್ನೆಲ್ಲ ಹೆಂಡತಿಯ ಹೆಸರಿಗೆ ಬರೆಸಿ, ಹೆಂಡತಿಗೆ ಹೇಳುವುದನ್ನು ಬಿಟ್ಟಿದ್ದ. ಅಜ್ಜಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಈ ಸಲ ಹೊಸ್ತಿಲಲ್ಲಿ ನಿಲ್ಲದೆ, ಜಗಲಿಯ ಮಧ್ಯಕ್ಕೆ ಬಂದು ಕಾಗದದಲ್ಲಿ ಏನಿದೆ ಎಂದು ಬೊಮ್ಮನಿಂದ ಓದಿಸಿದಳು. ಪೂರ್ತಿ ಕೇಳಿದಳು. ಮತ್ತೊಮ್ಮೆ ಓದಿಸಿದಳು.

“ಗದ್ದೆ ನಂದಂತೆ. ಇಷ್ಟ್ ದಿನ ನಂಗೂ ಗೊತ್ತಿರ್ನಿಲ್ಲ. ಬದು ಬುಟ್ಕೊಡ್ತೀನಿ, ಮಕ್ಳು ನಡೀಲಿ.” ಆಮೇಲೆ ಅಜ್ಜನ ಕಡೆ ತಿರುಗಿ, ಸಿಟ್ಟಿಲ್ಲದೆ ಹೇಳಿದಳು. “ನಿಮ್ಮ ಗದ್ದೆ ಎಲ್ಲಾರ ಇದ್ರ ಅಲ್ಲಿ ಬೇಲಿ ಹಾಕ್ಕಳಿ.”

ಅತ್ತೆ ಒಂದೊಂದೇ ಅಕ್ಷರ ಹೇಳಿಕೊಟ್ಟಳು, ಅಜ್ಜಿ ದೊಡ್ಡದಾಗಿ, ಸಾಲು ಮೀರಿ, ಕನ್ನಡದಲ್ಲಿ ಸಹಿ ಹಾಕಿದಳು. ಅಜ್ಜ ನಡುಮನೆಗೆ ಹೋಗಿ ಉಡಿದಾರದಿಂದ ಬೀಗದ ಕೈ ಬಿಚ್ಚಿ ತಂದು ಬೆಂಚಿನ ಮೇಲಿಟ್ಟ. ಬೊಮ್ಮ ಅದನ್ನು ಮುಟ್ಟಲಿಲ್ಲ, ನೀವೇ ಬಂದು ತೆಗೀರಿ ಬುದ್ದಿ ಅಂದ. ಅಜ್ಜನೇ ಹೋಗಿ ತೆಗೆದ.

ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಂಪಿ ಶಾಲೆಗೆ ಬಂದಳು. ಆದರೆ ತಪ್ಪಿದ ತಿಂಗಳುಗಳಿಗಾಗಿ ಅವಳನ್ನು ಮರುವರ್ಷ ಅದೇ ತರಗತಿಯಲ್ಲಿ ಉಳಿಸಿದರು. ನಾನು ಮುಂದಿನ ತರಗತಿಗೆ ಹೋದೆ. ಅವಳು ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ಬೀಗ ಹಾಕಿದ ಮನೆಯ ಹುಡುಗಿಯೊಡನೆ ಯಾಕೆ ಮಾತಾಡಬೇಕು? ಬೊಮ್ಮ ಐದು ವರ್ಷ ಮೆಂಬರ್ ಆಗಿದ್ದು, ಆಮೇಲೆ ವಾರ್ಡು ಹೆಂಗಸರಿಗೆ ಮೀಸಲಾದಾಗ ಮತ್ತೆ ಮೆಣಸಿನ ಏಣಿ ಹತ್ತಿದ. ಹಾಡಿಯ ಮನೆಗಳ ಜಾಗಕ್ಕೆ ಕಾಗದ ಇನ್ನೂ ಬಂದಿಲ್ಲ, ಪ್ರತಿ ಚುನಾವಣೆಗೂ ಬರುತ್ತದೆ ಎಂದು ಯಾರಾದರೂ ಬಂದು ಹೇಳುತ್ತಾರೆ. ಬದುವಿನ ದಾರಿ ಮಾತ್ರ ಅಗಲವಾಗಿ, ಜಲ್ಲಿ ಕಂಡು, ಈಗ ಆಟೋ ಹೋಗುವ ರಸ್ತೆಯಾಗಿದೆ. ಆ ರಸ್ತೆಯ ಮೇಲೆ ನೀರು ನಿಲ್ಲುತ್ತದೆ ಎಂದು ಪಂಚಾಯತ್ತಿಗೆ ಮೊಟ್ಟಮೊದಲ ದೂರು ಬರೆದವನು ನಮ್ಮಜ್ಜ. ಬೊಮ್ಮ ಮೆಂಬರ್ ಆಗಿದ್ದಷ್ಟು ಕಾಲ ಅವನಿಂದ ಅತಿ ಹೆಚ್ಚು ಕೆಲಸ ಮಾಡಿಸಿಕೊಂಡವನೂ ಅವನೇ.

ಅಜ್ಜ ತೀರಿಕೊಂಡು ಕೆಲವು ವರ್ಷಗಳ ಮೇಲೆ, ನಾನು ಟೀಚರಾಗಿ, ಚುನಾವಣೆಯ ಕೆಲಸಕ್ಕೆ ಬಿದ್ದು, ಒಂದು ಇಡೀ ದಿನ ಬೂತಿನಲ್ಲಿ ಹೆಸರು ಕೂಗಿ ಗಂಟಲು ಕೆಡಿಸಿಕೊಂಡು ತವರಿಗೆ ಬಂದೆ. ಮರುದಿನ ಬೆಳಿಗ್ಗೆ ಹಿತ್ತಲಿನಲ್ಲಿ ಅಜ್ಜಿಯನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಸೀಗೆ ಹಚ್ಚುತ್ತಿದ್ದೆ. ಆಗ ನೆನಪಾಗಿ, ಹಲಸಿನ ಹಣ್ಣಿನ ಕತೆ ಹೇಳಿ ಎಷ್ಟು ಚೆನ್ನಾಗಿ ಅಜ್ಜನನ್ನು ಯಾಮಾರಿಸಿದೆಯಲ್ಲ ಎಂದು ನಕ್ಕೆ. ಅವಳು ನಗಲಿಲ್ಲ. ನೊರೆ ಕಣ್ಣಿಗಿಳಿಯದಂತೆ ಮುಖ ತಗ್ಗಿಸಿ, ತಾನು ಒತ್ತಿದ್ದು ಫ್ಯಾನಿಗೇ ಅಂದಳು. ಅದಕ್ಕೂ ಮುಂಚೆಯೇ ಬತ್ತೇರಿ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಟೇಬಲ್ ಫ್ಯಾನಿನ ಎದುರಿಗೇ ಮಲಗಿದ್ದವಳಿಗೆ ಫ್ಯಾನು ಗೊತ್ತಿರುವುದಿಲ್ಲವೇ? ಯಾಕೆ ಎಂದೆ.

“ನಿಮ್ಮಜ್ಜ ಐದು ಅಂತ ಮಾತು ಕೊಟ್ಟಿದ್ರು ಕೂಸು. ಅವುರ್ದು ಬುಟ್ಟು ಇನ್ನೊಂದಾರ ಫ್ಯಾನಿಗ ಬೀಳ್ಲಿ ಅಂತ ಬಾಳ ಹೊತ್ತು ಯೋಚ್ನೆ ಮಾಡಿ ಒತ್ತಿದೆ.”

ಹಾಗಾದರೆ ಕೊಡೆಗೆ ಒತ್ತಿದವರು ಯಾರು? ಅಮ್ಮನೇ? ಅತ್ತೆಯೇ? ಕೆಮ್ಮುತ್ತಿದ್ದ ಅಪ್ಪನೇ? ಇಷ್ಟು ವರ್ಷ ಅವರಲ್ಲಿ ಯಾರನ್ನಾದರೂ ಕೇಳಿದೆಯಾ ಎಂದೆ.

“ನಾನ್ಯಾಕ ಕೇಳ್ಲಿ? ಅದು ಅವುರ್ದು.”

ಅಷ್ಟು ಹೇಳಿ ಕೈಯಿಂದ ತಡವಿ ತಂಬಿಗೆ ಹುಡುಕಿದಳು. ನೀರು ಆರುತ್ತಿದೆ, ಬೇಗ ಹುಯ್ಯಿ ಅಂದಳು.